ಹೊಸೂರು ರಸ್ತೆಯ ತೋಟಗಾರ

ಬೆಂಗಳೂರಿನ ಜಾನ್ಸನ್ ಮಾರ್ಕೆಟ್ ದಾಟಿ ಹೊಸೂರು ರಸ್ತೆ ಹಿಡಿದರೆ ಒಂದಷ್ಟು ದೂರ ಗೋಡೆಯೋ ಗೋಡೆ. ಬಸ್ಸಿನಲ್ಲಿ ಕೂತವರಿಗೆ ಅದು ಸಿಗ್ನಲ್ಲಿನಲ್ಲಿ ಕಾಯುವಾಗ ಕಾಣುವ ಉದ್ದನೆಯ ಕಾಂಪೌಂಡು, ಅಷ್ಟೆ. ಒಳಗಿರುವುದು ಸ್ಮಶಾನ. ಅಲ್ಲಿ ಮಲಗಿರುವವರು ದಂಡಿನ, ಅಂದರೆ ಬ್ರಿಟಿಷರ ಕಂಟೋನ್ಮೆಂಟಿನ ಜನ. ಸಿಪಾಯಿಗಳು, ರೈಲ್ವೆ ಗಾರ್ಡುಗಳು, ದಾದಿಯರು, ಮೇಷ್ಟರುಗಳು, ಹುಟ್ಟಿ ತಿಂಗಳು ತುಂಬದ ಕೂಸುಗಳು. ಕ್ಯಾಥೊಲಿಕರಿಗೆ, ಪ್ರಾಟೆಸ್ಟೆಂಟರಿಗೆ ಬೇರೆ ಬೇರೆ ಪಾಲು. ಇದೇ ರಸ್ತೆಯಲ್ಲಿ ಶಿಯಾ ಮುಸ್ಲಿಮರ ಖಬರಸ್ತಾನವೂ ಇದೆ. ಇಷ್ಟು ಜನರ ನಡುವೆ ನಾನು ಹುಡುಕಿಕೊಂಡು ಹೋದದ್ದು ಒಬ್ಬರನ್ನು: ಗುಸ್ತಾವ್ ಹರ್ಮನ್ ಕ್ರುಂಬಿಗಲ್.

"ಲಾಲ್‌ಬಾಗ್ ಜರ್ಮನ್ ದೊರೆ ತಾನೇ ಸಾರ್? ಬನ್ನಿ" ಎಂದರು ವಯಸ್ಸಾದ ಕಾವಲುಗಾರರು. ಕ್ರುಂಬಿಗಲ್ ದೊರೆಯೇನೂ ಆಗಿರಲಿಲ್ಲ, ಮಾಲಿಗಳ ಮೇಲಿನ ಮಾಲಿ. 1865ರಲ್ಲಿ ಜರ್ಮನಿಯ ಡ್ರೆಸ್ಡೆನ್ ಬಳಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, 1893ರಲ್ಲಿ ಬರೋಡಾ ಮಹಾರಾಜರ ಕೆಲಸಕ್ಕೆ ಬಂದವರು. ಅಲ್ಲಿಂದ ಅವರನ್ನು ಮೈಸೂರು ಸಂಸ್ಥಾನಕ್ಕೆ ಕರೆಸಿಕೊಂಡದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. 1932ರಲ್ಲಿ ನಿವೃತ್ತರಾಗುವವರೆಗೆ ಲಾಲ್‌ಬಾಗಿನ ಹೊಣೆ ಹೊತ್ತರು. ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನದಲ್ಲೂ ಅವರ ಕೈಯಿದೆ.

ಆದರೆ ನನಗೆ ಅವರು ಮುಖ್ಯವಾಗುವುದು ಬೀದಿಗಾಗಿ. ಊರಿನಲ್ಲಿ ಒಂದು ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷವಿಡೀ ಯಾವುದಾದರೂ ಬೀದಿ ಬಣ್ಣದಲ್ಲಿರಬೇಕು ಎಂದು ಲೆಕ್ಕ ಹಾಕಿ ಗಿಡ ನೆಡಿಸಿದವರು ಅವರು. ಚಳಿ ಇಳಿಯುವಾಗ ಗುಲಾಬಿ ತಬೂಬಿಯಾ, ಅದರ ಹಿಂದೆಯೇ ನೇರಳೆ ಬಣ್ಣದ ಜಕರಂಡಾ, ಬಿಸಿಲು ಬಲಿತಾಗ ಗುಲ್‌ಮೊಹರ್. ಈಗ ಫೆಬ್ರವರಿ ಬಂತೆಂದರೆ ತಬೂಬಿಯಾ ಕೆಳಗೆ ಮೊಬೈಲ್ ಹಿಡಿದು ನಿಲ್ಲುವ ಹುಡುಗ ಹುಡುಗಿಯರಿಗೆ, ಗುಲ್‌ಮೊಹರ್ ಕೇಸರ ಕಿತ್ತು ಕೋಳಿಜಗಳ ಆಡಿ ಬೆಳೆದ ನಮ್ಮಂಥವರಿಗೆ, ಈ ಲೆಕ್ಕ ಹಾಕಿದವರ ಹೆಸರು ಯಾರೂ ಹೇಳಿಕೊಟ್ಟಿರಲಿಲ್ಲ.

ಜರ್ಮನ್ ಎಂಬ ಒಂದೇ ಕಾರಣಕ್ಕೆ ಎರಡೂ ಮಹಾಯುದ್ಧಗಳಲ್ಲಿ ಬ್ರಿಟಿಷರು ಅವರನ್ನು ಬಂಧನದಲ್ಲಿಟ್ಟಿದ್ದರು. ಆದರೂ ಅವರು ಊರಿಗೆ ಮರಳಲಿಲ್ಲ. 1956ರಲ್ಲಿ, ತೊಂಬತ್ತು ತುಂಬಿದ ಮೇಲೆ, ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ಹೆಸರು ಹೊತ್ತ ಲಾಲ್‌ಬಾಗಿನ ಹಳೆಯ ಕ್ರುಂಬಿಗಲ್ ಹಾಲ್ ಪಾಳುಬಿದ್ದು 2017ರಲ್ಲಿ ಕುಸಿಯಿತು. ಅದಕ್ಕಿಂತ ಇಲ್ಲಿನ ಸಮಾಧಿಯೇ ವಾಸಿ.

ಅಲ್ಲಿಂದ ಹೊರಡುವ ಮುಂಚೆ ಕಾವಲುಗಾರರು ಹಳೆಯ ಅಮೃತಶಿಲೆಯ ಫಲಕವೊಂದನ್ನು ತೋರಿಸಿದರು. ಅಕ್ಷರಗಳಿಲ್ಲ, ಅಕ್ಷರಗಳ ಜಾಗದಲ್ಲಿ ಸಣ್ಣ ಸಣ್ಣ ತೂತು. ಹಿಂದೆ ಕಲ್ಲಿನಲ್ಲಿ ಅಕ್ಷರದ ಆಕಾರಕ್ಕೆ ತೆಳುವಾಗಿ ಕೊರೆದು, ಒಳಗೆ ತೂತು ಹಾಕಿ, ಮೇಲೆ ಸೀಸ ಬಡಿದು ಕೂರಿಸುತ್ತಿದ್ದರಂತೆ. ಸೀಸ ತೂತಿನೊಳಗೆ ಇಳಿದು ಬೇರು ಬಿಡುತ್ತದೆ. ಮಳೆಬಿಸಿಲಿಗೆ ಸಡಿಲವಾಗಿಯೋ, ಗುಜರಿಯ ಆಸೆಗೆ ಯಾರೋ ಕಿತ್ತೋ, ಸೀಸ ಹೋದ ಮೇಲೆ ಉಳಿಯುವುದು ತೂತು ಮಾತ್ರ. ಬೆಳಗಿನ ಓರೆ ಬಿಸಿಲಿನಲ್ಲಿ ಬೆರಳಾಡಿಸಿ ನೋಡಿದರೆ ಹೆಸರು ಓದಬಹುದು. ಈಗಿನವರದು ಕರಿಕಲ್ಲು, ಮೆಷಿನ್ ಕೆತ್ತನೆ. ಇಂಗ್ಲಿಷಿನ ಪಕ್ಕದಲ್ಲೇ ತಮಿಳು ಬರಹ ಬೇಕಾದಷ್ಟು. ದಂಡಿನ ಅಡುಗೆಗೆ, ಕಟ್ಟಡಕ್ಕೆ, ಕಚೇರಿಗೆ ಮದ್ರಾಸು ಕಡೆಯಿಂದ ಬಂದವರ ಮಕ್ಕಳು ಮೊಮ್ಮಕ್ಕಳವು. ಹೊಸ ಗುಂಡಿಗೆ ಜಾಗ ಸಾಲದೆ ಕುಟುಂಬದವರ ಹಳೆಯ ಸಮಾಧಿಯನ್ನೇ ಮತ್ತೆ ತೆರೆಯುವುದು ರೂಢಿಯಾಗಿದೆ. ಒಂದೇ ಕಲ್ಲಿನ ಮೇಲೆ ಅಜ್ಜಿ, ಮಗ, ಸೊಸೆ ಎಂದು ಹೆಸರು ಕೆಳಕೆಳಗೆ ಇಳಿಯುತ್ತಾ ಹೋಗುವುದು ಇದರಿಂದಲೇ. ನವೆಂಬರ್ 2ರ ಸತ್ತವರ ಹಬ್ಬಕ್ಕೆ ಕ್ಯಾಥೊಲಿಕರ ಪಾಲಿನಲ್ಲಿ ಮೇಣದಬತ್ತಿ, ಸೇವಂತಿಗೆಯ ಜಾತ್ರೆ.

ಈ ದಂಡಿನ ಇತಿಹಾಸವನ್ನು ಚುಟುಕಾಗಿ ಹೇಳುವುದಾದರೆ, ಬ್ರಿಟಿಷರು ಹಲಸೂರಿನ ಬಳಿ ದಂಡು ಹೂಡಿದ್ದು 1809ರಲ್ಲಿ. ಪೇಟೆ ಒಂದು ಕಡೆ, ದಂಡು ಇನ್ನೊಂದು ಕಡೆ, ನಡುವೆ ಕಬ್ಬನ್ ಪಾರ್ಕು. ಎರಡೂ ಒಂದೇ ನಗರಸಭೆಯ ಕೆಳಗೆ ಬಂದದ್ದು 1949ರಲ್ಲಿ. ದಂಡು ಎಂದರೆ ಬರೀ ಬಿಳಿಯರೂ ಅಲ್ಲ. ಜಾನ್ಸನ್ ಮಾರ್ಕೆಟ್ ನಿಂತಿರುವ ಜಾಗದಲ್ಲಿ ಕುದುರೆ ಲಾಯ ಕಟ್ಟಿದ್ದವರು ಇರಾನಿನ ಶಿರಾಜಿನಿಂದ ಬಂದ ಕುದುರೆ ವ್ಯಾಪಾರಿ ಆಗಾ ಅಲಿ ಅಸ್ಕರ್. ಅವರ ಮೊಮ್ಮಗನೇ ದಿವಾನ್ ಮಿರ್ಜಾ ಇಸ್ಮಾಯಿಲ್, ಕ್ರುಂಬಿಗಲ್ಲರಿಂದ ತೋಟ ಮಾಡಿಸಿದವರು.

ಸ್ಮಶಾನದ ಗೇಟಿನಿಂದ ಹೊರಬಂದು ಲ್ಯಾಂಗ್‌ಫರ್ಡ್ ಟೌನ್, ರಿಚ್ಮಂಡ್ ಟೌನ್ ಕಡೆ ನಡೆದರೆ ಮಂಕಿ ಟಾಪ್ ಬಂಗಲೆಗಳನ್ನು ಈಗ ಹುಡುಕಬೇಕು. ಕಿಟಕಿಯ ಮೇಲೆ ಚೂಪಾಗಿ ಮುಂದಕ್ಕೆ ಚಾಚಿದ ಮರದ ಪಟ್ಟಿಗಳ ಟೋಪಿ, ಮಂಗಳೂರು ಹೆಂಚು, ವರಾಂಡಾ, ಮುಂದೆ ಗಾಡಿ ನಿಲ್ಲಿಸಲು ಪೋರ್ಟಿಕೊ. ಜಾನೆಟ್ ಪಾಟ್ ಎಂಬಾಕೆ ಇಂಥ ಬಂಗಲೆಗಳ ಮೇಲೆ 1977ರಲ್ಲಿ ಪುಸ್ತಕವನ್ನೇ ತಂದರು. ಮನೆಯವರನ್ನು ದೂರುವುದು ಸುಲಭ. ಐದು ಜನ ಅಣ್ಣತಮ್ಮಂದಿರು, ಒಂದು ಸೋರುವ ಸೂರು, ಕೋಟಿಗಳ ನೆಲ. ಯಾರಾದರೂ ಬಿಲ್ಡರನ್ನು ಒಳಗೆ ಕರೆದೇ ಕರೆಯುತ್ತಾರೆ. ಹಳೆಯ ಮನೆ ಉಳಿಸಿಕೊಂಡವರಿಗೆ ತೆರಿಗೆಯಲ್ಲೋ ರಿಪೇರಿಯಲ್ಲೋ ಸರ್ಕಾರ ಒಂದಿಷ್ಟು ಕೈ ಹಿಡಿದಿದ್ದರೆ ಕೆಲವಾದರೂ ಉಳಿಯುತ್ತಿದ್ದವು. ಸಮೀಪದ ಆಲ್ ಸೇಂಟ್ಸ್ ಚರ್ಚಿನವರು ಮೆಟ್ರೊ ಕಾಮಗಾರಿಗೆ ತಮ್ಮ ತೋಟದ ಮರಗಳು ಬಲಿಯಾಗಬಾರದೆಂದು ಬೀದಿಗಿಳಿದು ಹೋರಾಡಬೇಕಾಯಿತು.

ಆಸ್ಟ್ರೇಲಿಯಾಕ್ಕೆ, ಇಂಗ್ಲೆಂಡಿಗೆ ವಲಸೆ ಹೋದ ಆಂಗ್ಲೋ ಇಂಡಿಯನ್ ಕುಟುಂಬಗಳ ಮೊಮ್ಮಕ್ಕಳು ಆಗಾಗ ಅಜ್ಜನ ಹೆಸರು ಬರೆದ ಚೀಟಿ ಹಿಡಿದು ಈ ಸ್ಮಶಾನಕ್ಕೆ ಬರುತ್ತಾರೆ. ರಿಜಿಸ್ಟರ್ ತೆಗೆದು ಸಾಲು ಹಿಡಿದರೆ ಸಮಾಧಿ ಸಿಕ್ಕಿಬಿಡುತ್ತದೆ. ಆಮೇಲೆ ಅವರು ಅಜ್ಜನ ಮನೆ ಎಲ್ಲಿತ್ತು ಎಂದು ಕೇಳುತ್ತಾರಂತೆ. "ಏನು ಹೇಳ್ತೀರಿ?" ಎಂದೆ.

"ಅಪಾರ್ಟ್‌ಮೆಂಟ್ ಬೋರ್ಡುಗಳನ್ನ ಓದ್ಕೊಂಡು ಹೋಗಿ ಅಂತೀನಿ ಸಾರ್" ಎಂದರು ಕಾವಲುಗಾರರು. "ಒಂದೊಂದು ಸಲ ಹಳೇ ಮನೆ ಹೆಸರೇ ಇಟ್ಟಿರ್ತಾರೆ."