ಅಚ್ಚು ಹಾಕುವ ದಿನ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಅಮ್ಮ ಅಟ್ಟದಿಂದ ಹಳೆಯ ಬಿಸ್ಕತ್ ಡಬ್ಬವೊಂದನ್ನು ಇಳಿಸುತ್ತಿದ್ದರು. ಒಳಗೆ, ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಮರದ ಅಚ್ಚುಗಳು: ಆನೆ, ಮೀನು, ತೇರು, ತುಳಸಿ ಬೃಂದಾವನ. ಗಿಳಿಯದು ಮಾತ್ರ ಒಂದೇ ಹೋಳು. ಇನ್ನೊಂದು ಯಾರ ಮನೆಗೆ ಹೋಗಿ ಅಲ್ಲೇ ಉಳಿಯಿತೋ! ಆ ಕಾಲದಲ್ಲಿ ಅಚ್ಚುಗಳು ಬೀದಿಯ ಆಸ್ತಿ. ಒಬ್ಬರ ಮನೆಯ ಆನೆ ನಾಲ್ಕು ಮನೆ ಸುತ್ತಿ ಹಬ್ಬದ ಹಿಂದಿನ ದಿನ ವಾಪಸಾಗುತ್ತಿತ್ತು.

ಹಳೆ ಮೈಸೂರು ಕಡೆ ಸಂಕ್ರಾಂತಿಗೆ ಎಳ್ಳು ಬೀರುವುದೆಂದರೆ ಎರಡು ವಾರದ ಕೆಲಸ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚಬೇಕು, ಅಚ್ಚುಬೆಲ್ಲ ಕತ್ತರಿಸಬೇಕು, ಕಡಲೆಕಾಯಿ ಬೀಜ ಹುರಿದು ಹೊಟ್ಟು ತೂರಬೇಕು. ಹುರಿಗಡಲೆ, ಬಿಳಿ ಎಳ್ಳು ಸೇರಿಸಿದರೆ ಮಿಶ್ರಣ ಆಯಿತು. ಇದಕ್ಕೆ ಬೇಕಾದದ್ದು ತಾಳ್ಮೆ ಮತ್ತು ಬಿಸಿಲು. ಮಕ್ಕಳನ್ನೂ ಕೂರಿಸಬಹುದು, ಕತ್ತರಿಸಿದ್ದಕ್ಕಿಂತ ಹೆಚ್ಚು ಬಾಯಿಗೆ ಹೋಗುತ್ತದೆ ಅಷ್ಟೆ.

ಸಕ್ಕರೆ ಅಚ್ಚು ಹಾಗಲ್ಲ. ಅಂದು ಅಡುಗೆಮನೆಗೆ ಯಾರಿಗೂ ಪ್ರವೇಶವಿಲ್ಲ.

ಹಿಂದಿನ ರಾತ್ರಿಯೇ ಅಚ್ಚುಗಳು ನೀರಿಗೆ ಬೀಳುತ್ತವೆ. ಮರ ನೀರು ಕುಡಿದಿದ್ದರೆ ಪಾಕ ಕಚ್ಚಿಕೊಳ್ಳುವುದಿಲ್ಲ. ಬೆಳಿಗ್ಗೆ ನೀರು ಒರೆಸಿ, ಎರಡು ಹೋಳು ಜೋಡಿಸಿ ದಾರದಿಂದ ಬಿಗಿಯಾಗಿ ಕಟ್ಟಿ, ಬಾಯಿ ಮೇಲಾಗಿ ಸಾಲಾಗಿ ನಿಲ್ಲಿಸುವುದು. ಸಕ್ಕರೆ ಮುಳುಗುವಷ್ಟು ನೀರಿಟ್ಟು ಕುದಿಸಿ, ಒಂದೆರಡು ಚಮಚ ಹಾಲು ಹಾಕಿದರೆ ಅದು ಒಡೆದು ಕಲ್ಮಶವನ್ನೆಲ್ಲ ನೊರೆಯ ಜೊತೆ ಮೇಲಕ್ಕೆ ತರುತ್ತದೆ. ಬಿಳಿ ಬಟ್ಟೆಯಲ್ಲಿ ಸೋಸಿದರೆ ಪಾಕ ಕನ್ನಡಿ. ಈಗಿನ ಸಕ್ಕರೆಯಲ್ಲಿ ತೆಗೆಯುವಷ್ಟು ಕೊಳೆ ಇರುವುದಿಲ್ಲ. ಆದರೂ ಹಾಲು ಹಾಕದೆ ಅಚ್ಚು ಮಾಡಿದವರನ್ನು ನಾನು ಕಂಡಿಲ್ಲ.

ಮುಂದಿನದೇ ಪರೀಕ್ಷೆ. ಇಡೀ ಪಾಕವನ್ನು ಒಟ್ಟಿಗೆ ಕಾಯಿಸುವಂತಿಲ್ಲ. ಎರಡು ಮೂರು ಅಚ್ಚಿಗಾಗುವಷ್ಟನ್ನೇ ಹಿಡಿಯಿರುವ ಸಣ್ಣ ಪಾತ್ರೆಗೆ ಬಗ್ಗಿಸಿ ಮತ್ತೆ ಕುದಿಸಬೇಕು. ಗುಳ್ಳೆ ದಪ್ಪಗಾಗಿ ಪಾಕ ಎಳೆ ಬಂದಾಗ ಕೆಳಗಿಳಿಸಿ ಬಿಡದೆ ತಿರುವಬೇಕು. ಮೊದಲು ಪಾತ್ರೆಯ ಅಂಚಿನಲ್ಲಿ ಬೆಳ್ಳಗೆ ಪೊರೆ ಕಟ್ಟುತ್ತದೆ. ಆಮೇಲೆ, ಕಣ್ಣ ಮುಂದೆಯೇ, ತಿಳಿಯಾಗಿದ್ದ ಪಾಕಕ್ಕೆಲ್ಲ ಹಾಲಿನ ಬಣ್ಣ ತಿರುಗುತ್ತದೆ. ಆ ಗಳಿಗೆಯಲ್ಲೇ ಹುಯ್ಯಬೇಕು. ಮೊದಲೇ ಹುಯ್ದರೆ ಅಚ್ಚು ಅಂಟಂಟು, ಬಿಡಿಸುವಾಗ ಆನೆಯ ಸೊಂಡಿಲು ಮರದಲ್ಲೇ ಉಳಿಯುತ್ತದೆ. ತಡವಾದರೆ ಪಾತ್ರೆಯಲ್ಲೇ ಕಲ್ಲು. ನನ್ನ ಮೊದಲ ಪ್ರಯತ್ನ ಈ ಎರಡನೆಯ ಜಾತಿಯದು. ‘ನೀರು ಹಾಕಿ ಮತ್ತೆ ಕಾಯಿಸು, ಸಕ್ಕರೆ ಎಲ್ಲಿಗೂ ಓಡಿಹೋಗಲ್ಲ’ ಎಂದರು ಅಮ್ಮ, ತಲೆಯೆತ್ತದೆ.

ತಿರುವುವುದಕ್ಕೆ ಕಾರಣವಿದೆ. ಗಟ್ಟಿ ಪಾಕವನ್ನು ಅಲುಗಿಸದೆ ಬಿಟ್ಟರೆ ಹರಳು ನಿಧಾನವಾಗಿ ದೊಡ್ಡದಾಗುತ್ತದೆ, ಕಲ್ಲುಸಕ್ಕರೆಯ ಹಾಗೆ. ತಿರುವಿದರೆ ಕೋಟಿ ಸಣ್ಣ ಹರಳುಗಳು ಒಮ್ಮೆಗೇ ಹುಟ್ಟುತ್ತವೆ. ಅಚ್ಚಿನ ಬಿಳುಪು, ನಯ ಎರಡೂ ಅದರಿಂದಲೇ. ಕೆಲವರು ನಿಂಬೆರಸ ಹಿಂಡುತ್ತಾರೆ. ಒಂದು ಹನಿ ಹೆಚ್ಚಾದರೂ ಹರಳುಗಟ್ಟುವುದೇ ಇಲ್ಲವಾದ್ದರಿಂದ ನಾನಂತೂ ಆ ಸಹವಾಸಕ್ಕೆ ಹೋಗುವುದಿಲ್ಲ. ಮೋಡ ಮುಸುಕಿದ ದಿನವೂ ಈ ಕೆಲಸಕ್ಕೆ ಆಗಿಬರುವುದಿಲ್ಲ.

ಹತ್ತು ನಿಮಿಷಕ್ಕೆ ದಾರ ಬಿಚ್ಚಿ ಹೋಳು ಬಿಡಿಸಿದರೆ, ರೆಕ್ಕೆಯ ಗೆರೆ, ತೇರಿನ ಗಾಲಿ ಎಲ್ಲವೂ ಮೂಡಿದ ಅಚ್ಚು ಅಂಗೈ ಮೇಲೆ ಬೆಚ್ಚಗೆ ಕೂರುತ್ತದೆ.

ಇದೇ ವಿದ್ಯೆ ಉತ್ತರ ಕರ್ನಾಟಕದಲ್ಲಿ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿಯಾಗುತ್ತದೆ. ಅಲ್ಲಿ ಇದು ಮನೆಗಿಂತ ಹೆಚ್ಚಾಗಿ ಭಟ್ಟಿಯ ಕಸುಬು. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಕಡೆಯವರು ಸೀರೆಯ ಜೊತೆ ಸಕ್ಕರೆ ಗೊಂಬೆ ಒಯ್ಯುವ ಪದ್ಧತಿಯೂ ಇದೆ. ದೀಪಾವಳಿಗೆ ಉತ್ತರ ಭಾರತದ ಅಂಗಡಿಗಳಲ್ಲೂ ಸಕ್ಕರೆಯ ಆನೆ ಕುದುರೆ ಕಾಣುತ್ತವೆ. ಸ್ವತಃ ಪಾಕ ಕಾಯಿಸಿ, ಗೃಹಿಣಿಯರೇ ಅಚ್ಚು ಹಾಕಿ, ನೆರೆಮನೆಯವರ ಅಚ್ಚಿಗೆ ಹೋಲಿಸಿ ನೋಡುವ ಚಟ ಮಾತ್ರ ನಮ್ಮ ಕಡೆಯದೇ ಇರಬೇಕು.

ಈಗ ಜನವರಿ ಮೊದಲ ವಾರ ಗಾಂಧಿ ಬಜಾರಿಗೆ ಹೋದರೆ ತೂಕದ ಲೆಕ್ಕದಲ್ಲಿ ಅಚ್ಚು ಸಿಗುತ್ತದೆ, ಕೆಂಪು, ಹಳದಿ, ಹಸಿರು. ತರುವುದರಲ್ಲಿ ತಪ್ಪೇನಿಲ್ಲ, ನಾನೂ ತಂದಿದ್ದೇನೆ. ಆದರೆ ಮನೆಯದನ್ನು ಹಲ್ಲಿಗೆ ಕೊಟ್ಟರೆ ಪುಡಿಯಾಗಿ ಕರಗುತ್ತದೆ. ಅಂಗಡಿಯದನ್ನು ಚೀಪಬೇಕು.

ಅಮ್ಮನ ಡಬ್ಬ ಈಗ ನನ್ನ ಬಳಿಯಿದೆ. ಓದುಗರಲ್ಲಿ ಒಂದು ವಿನಂತಿ: ಈ ಸಲ ಅಟ್ಟ ಹತ್ತಿದಾಗ ಬಾಲದ ತುದಿ ತುಸು ಮುಕ್ಕಾದ ಗಿಳಿಯ ಬಲಹೋಳು ಕಣ್ಣಿಗೆ ಬಿದ್ದರೆ, ಅದು ನಮ್ಮದು.