ರಿಲೇ ಟಿಕ್ ಎನ್ನದಿದ್ದಾಗ

ಆರ್ಡುಯಿನೊ ಬೋರ್ಡಿನಲ್ಲಿ ಎಲ್‌ಇಡಿ ಮಿನುಗಿಸಲು ಕಲಿತವರು ಬೇಗನೆ ರಿಲೇಗೆ ಕೈಹಾಕುತ್ತಾರೆ. ಕುಂಡದ ಗಿಡಕ್ಕೆ ನೀರುಣಿಸುವ ಪಂಪ್ ಇರಲಿ, ತೊಟ್ಟಿ ತುಂಬಿದಾಗ ನಿಲ್ಲಬೇಕಾದ ಮೋಟಾರ್ ಇರಲಿ, ನಡುವೆ ರಿಲೇ ಬರುತ್ತದೆ. ತೊಡಕು ಶುರುವಾಗುವುದೂ ಅಲ್ಲೇ. ಪ್ರೋಗ್ರಾಂ ಸರಿಯಿದೆ, ವೈರುಗಳೂ ಸರಿಯಿರುವಂತೆ ಕಾಣುತ್ತವೆ, ರಿಲೇ ಮಾತ್ರ ಟಿಕ್ ಎನ್ನುವುದಿಲ್ಲ. ಟ್ರಾನ್ಸಿಸ್ಟರ್ ಸುಟ್ಟಿರಬೇಕು ಎಂದು ಹೊಸದನ್ನು ಹಾಕಿದರೆ ಅದೂ ಹಾಗೆಯೇ ಸುಮ್ಮನಿರುತ್ತದೆ. ಬಿಡಿಭಾಗ ಬದಲಿಸುವ ಮೊದಲು ಮಲ್ಟಿಮೀಟರ್ ಕೈಗೆತ್ತಿಕೊಳ್ಳಿ. ಎರಡೇ ಅಳತೆ ಬಹುಪಾಲು ಗುಟ್ಟನ್ನು ಬಿಟ್ಟುಕೊಡುತ್ತದೆ.

ಟ್ರಾನ್ಸಿಸ್ಟರ್ ಏಕೆ ಬೇಕು ಎಂಬುದು ಮೊದಲು ಸ್ಪಷ್ಟವಾಗಲಿ. ಆರ್ಡುಯಿನೊ ಊನೊದ ಒಂದು ಪಿನ್ ನಿರಾಯಾಸವಾಗಿ ಕೊಡಬಲ್ಲದ್ದು 20 ಮಿಲಿಆಂಪಿಯರ್. 40 ಅದರ ಕಟ್ಟಕಡೆಯ ಮಿತಿ. ಸಾಮಾನ್ಯ 5 ವೋಲ್ಟ್ ರಿಲೇಯ ಸುರುಳಿಯ ರೋಧ ಸುಮಾರು 70 ಓಮ್, ಅಂದರೆ ಅದಕ್ಕೆ 71 ಮಿಲಿಆಂಪಿಯರ್ ಬೇಕು. ಪಿನ್ನಿನ ಸಣ್ಣ ಕರೆಂಟನ್ನು ಬೇಸ್‌ಗೆ ಕೊಟ್ಟು, ಕಲೆಕ್ಟರ್‌ನಿಂದ ಎಮಿಟರ್‌ಗೆ ದೊಡ್ಡ ಕರೆಂಟ್ ಹರಿಸುವುದು ಬಿಸಿ547ರಂಥ ಎನ್‌ಪಿಎನ್ ಟ್ರಾನ್ಸಿಸ್ಟರ್‌ನ ಕೆಲಸ.

ಮೊದಲ ಅಳತೆ ಬೇಸ್ ಮತ್ತು ಎಮಿಟರ್ ನಡುವೆ. ಪಿನ್ ಆನ್ ಆಗಿದ್ದಾಗ 0.7 ವೋಲ್ಟ್ ಆಸುಪಾಸು ಕಾಣಬೇಕು. ಸೊನ್ನೆ ಇದ್ದರೆ ಸಂಕೇತ ಅಲ್ಲಿಗೆ ತಲುಪಿಲ್ಲ. ರಿಲೇಗೆ ಬೇರೆ ವಿದ್ಯುತ್ ಮೂಲ ಬಳಸಿ, ಅದರ ಗ್ರೌಂಡನ್ನು ಬೋರ್ಡಿನ ಗ್ರೌಂಡಿಗೆ ಜೋಡಿಸದೆ ಬಿಟ್ಟಾಗಲೂ ಹೀಗಾಗುತ್ತದೆ. 2 ಅಥವಾ 5 ವೋಲ್ಟ್ ತೋರಿಸಿದರೆ ಬೇಸ್-ಎಮಿಟರ್ ಸಂಧಿ ನಿಜವಾಗಿಯೂ ಕೆಟ್ಟಿದೆ, ಇಲ್ಲವೇ ನೀವು ಬೇಸ್ ಎಂದುಕೊಂಡ ಕಾಲು ಬೇಸ್ ಅಲ್ಲ.

ಎರಡನೆಯ ಅಳತೆ ಕಲೆಕ್ಟರ್ ಮತ್ತು ಎಮಿಟರ್ ನಡುವೆ. ನಿಜವಾದ ಕಥೆ ಇರುವುದು ಇಲ್ಲಿ. ಸ್ವಿಚ್ಚಿನಂತೆ ಪೂರ್ತಿ ಆನ್ ಆದ ಟ್ರಾನ್ಸಿಸ್ಟರ್ ತನಗೆಂದು ಸುಮಾರು 0.2 ವೋಲ್ಟ್ ಮಾತ್ರ ಉಳಿಸಿಕೊಳ್ಳುತ್ತದೆ, ಮಿಕ್ಕ 4.8 ರಿಲೇಗೆ. ಈಗ ಬೇಸ್‌ಗೆ 10 ಕಿಲೋಓಮ್ ರೆಸಿಸ್ಟರ್ ಹಾಕಿದ್ದೀರಿ ಎನ್ನಿ. 5ರಲ್ಲಿ ಬೇಸ್‌ನ 0.7 ಕಳೆದರೆ 4.3; ಬೇಸ್ ಕರೆಂಟ್ 4.3 ವೋಲ್ಟ್ ಭಾಗಿಸು 10,000, ಅಂದರೆ 0.43 ಮಿಲಿಆಂಪಿಯರ್. ಟ್ರಾನ್ಸಿಸ್ಟರ್ ಅದನ್ನು ನೂರು ಪಟ್ಟು ಹಿಗ್ಗಿಸಿದರೂ ಸಿಗುವುದು 43. ರಿಲೇಗೆ 3 ವೋಲ್ಟ್ ಮಾತ್ರ ದಕ್ಕಿ, 2 ವೋಲ್ಟ್ ಟ್ರಾನ್ಸಿಸ್ಟರ್‌ನಲ್ಲೇ ನಿಲ್ಲುತ್ತದೆ. ಇಂಥ ರಿಲೇ ಎಳೆದುಕೊಳ್ಳಲು 3.75 ವೋಲ್ಟ್ ಬೇಕು. ಹಾಗಾಗಿ ಅದು ಮಿಸುಕುವುದಿಲ್ಲ, ಟ್ರಾನ್ಸಿಸ್ಟರ್ ಮಾತ್ರ ಇರಬೇಕಾದ್ದಕ್ಕಿಂತ ಆರು ಪಟ್ಟು ಹೆಚ್ಚು ಶಾಖ ಹೊರಹಾಕುತ್ತಿರುತ್ತದೆ.

ಪರಿಹಾರ ಸುಲಭ. ಸ್ವಿಚ್ಚಾಗಿ ಬಳಸುವಾಗ ಡೇಟಾಶೀಟಿನ ಗಳಿಕೆಯನ್ನು, ಅಂದರೆ ಕರೆಂಟ್ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬ ಅಂಕಿಯನ್ನು, ನಂಬಬಾರದು. ಕಲೆಕ್ಟರ್ ಕರೆಂಟಿನ ಹತ್ತನೇ ಒಂದು ಭಾಗವನ್ನು ಬೇಸ್‌ಗೆ ಕೊಡಬೇಕು. 680 ಓಮ್ ಹಾಕಿದರೆ 6.3 ಮಿಲಿಆಂಪಿಯರ್ ಹರಿಯುತ್ತದೆ. ಪಿನ್ನಿಗೂ ಅದು ಭಾರವಲ್ಲ.

ರೆಸಿಸ್ಟರ್ ಸರಿಯಿದ್ದೂ ಹೀಗೇ ಆದರೆ ಪಿನ್ನನ್ನೇ ಅಳೆಯಿರಿ. 5 ವೋಲ್ಟ್ ಹತ್ತಿರಕ್ಕೂ ಬಾರದಿದ್ದರೆ, ಪ್ರೋಗ್ರಾಮಿನಲ್ಲಿ ಆ ಪಿನ್ನನ್ನು ಔಟ್‌ಪುಟ್ ಎಂದು ಘೋಷಿಸಿದ್ದೀರಾ ನೋಡಿ. ಮರೆತಿದ್ದರೆ ಚಿಪ್ಪಿನೊಳಗಿನ 20ರಿಂದ 50 ಕಿಲೋಓಮ್ ರೆಸಿಸ್ಟರ್ ಮೂಲಕವಷ್ಟೇ ಕರೆಂಟ್ ಬರುತ್ತದೆ. ಬೇಸ್‌ನಲ್ಲಿ 0.7ರ ಹತ್ತಿರ ಕಾಣಿಸಿ ದಾರಿ ತಪ್ಪಿಸುವ ದೋಷವಿದು.

ಕಾಲುಗಳ ಕ್ರಮವನ್ನೂ ಪರೀಕ್ಷಿಸಿ. ಚಪ್ಪಟೆ ಮುಖ ನಿಮ್ಮತ್ತ ಹಿಡಿದರೆ ಬಿಸಿ547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರಲ್ಲಿ ಸರಿಯಾಗಿ ತಿರುಗುಮುರುಗು. ಎರಡರ ಕವಚವೂ ಒಂದೇ ಬಗೆಯದು. ತಿರುಗಿಸಿ ಹಾಕಿದ ಟ್ರಾನ್ಸಿಸ್ಟರ್ ಸತ್ತಿರುವುದಿಲ್ಲ, ಗಳಿಕೆ ತೀರಾ ಕುಗ್ಗಿರುತ್ತದೆ.

ಕೆಲವು ದಿನ ಸರಿಯಾಗಿ ನಡೆದು ಆಮೇಲೆ ರಿಲೇ ಆನ್ ಆಗಿಯೇ ಉಳಿದರೆ ಅನುಮಾನ ಡಯೋಡಿನ ಮೇಲೆ. ಸುರುಳಿಯ ಕರೆಂಟನ್ನು ಥಟ್ಟನೆ ಕಡಿದಾಗ ಅದರ ವೋಲ್ಟೇಜ್ ನೂರಾರು ವೋಲ್ಟ್‌ವರೆಗೆ ಚಿಮ್ಮಬಲ್ಲದು. ಬಿಸಿ547 ತಡೆಯುವುದು 45ನ್ನು. ಸುರುಳಿಗೆ ಅಡ್ಡಲಾಗಿ 1ಎನ್4007 ಡಯೋಡ್ ಇರಲೇಬೇಕು, ಪಟ್ಟೆಯಿರುವ ತುದಿ ಧನದ ಕಡೆಗೆ.

ಈ ಪರೀಕ್ಷೆಗಳನ್ನೆಲ್ಲ ರಿಲೇಯ ಆಚೆ ಬದಿಯನ್ನು ಖಾಲಿ ಬಿಟ್ಟೇ ಮಾಡಿ. ಅಲ್ಲಿಗೆ ಮನೆಯ 230 ವೋಲ್ಟ್ ಜೋಡಿಸಿಕೊಂಡು ಬ್ರೆಡ್‌ಬೋರ್ಡಿನ ಮೇಲೆ ಮಲ್ಟಿಮೀಟರ್ ಕಡ್ಡಿ ಆಡಿಸಬೇಡಿ.