ನೆತ್ತರಿನಲ್ಲಿ ಕೊಬ್ಬಿನ ಸಾಗಾಟ: ಪ್ರೋಟೀನುಗಳ ಪಾತ್ರ ಮತ್ತು ಲಿಮೋನೆ ಗ್ರಾಮದ ನಿದರ್ಶನ

ಕೊಬ್ಬು ನೀರಿನಲ್ಲಿ ಕರಗದು. ನೆತ್ತರಿನ ದ್ರವಭಾಗದಲ್ಲಾದರೋ ಶೇ. 90ರಷ್ಟು ನೀರೇ ಇದೆ. ಆದುದರಿಂದ ಪ್ರೋಟೀನಿನ ನೆರವಿಲ್ಲದೆ ಕೊಬ್ಬು ದೇಹದಲ್ಲಿ ಸಂಚರಿಸಲಾರದು. ಟ್ರೈಗ್ಲಿಸರೈಡ್ ಹಾಗೂ ಕೊಲೆಸ್ಟರಾಲ್‌ಗಳನ್ನು ಒಡಲಲ್ಲಿಟ್ಟುಕೊಂಡ ಕಣಗಳ ಹೊರಮೈಯಲ್ಲಿ ನೆಲೆಸುವ ಇಂತಹ ಪ್ರೋಟೀನುಗಳಿಗೆ ಅಪೋಲಿಪೊಪ್ರೋಟೀನುಗಳೆಂದು ಹೆಸರು. ಇವು ಕೇವಲ ಹೊದಿಕೆಯಲ್ಲ. ಸರಕು ಎಲ್ಲಿ ಇಳಿಯಬೇಕೆಂಬುದನ್ನೂ ಇವೇ ಸೂಚಿಸುತ್ತವೆ. ಎಲ್‌ಡಿಎಲ್ ಕಣದ ಬಿ-100 ಪ್ರೋಟೀನನ್ನು ಜೀವಕೋಶದ ಗ್ರಾಹಕವು ಗುರುತಿಸಿ ಕಣವನ್ನು ಒಳಗೆ ಸೆಳೆದುಕೊಳ್ಳುತ್ತದೆ. ಈ ಗ್ರಾಹಕವನ್ನು ಶೋಧಿಸಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ 1985ರಲ್ಲಿ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು. ಎಚ್‌ಡಿಎಲ್ ಕಣದ ಎ-1 ಪ್ರೋಟೀನು ಅಂಗಾಂಶಗಳಲ್ಲಿ ಮಿಕ್ಕ ಕೊಲೆಸ್ಟರಾಲನ್ನು ಯಕೃತ್ತಿಗೆ ಮರಳಿಸಲು ನೆರವಾಗುತ್ತದೆ.

ಇಟಲಿಯ ಗಾರ್ಡಾ ಸರೋವರದ ದಂಡೆಯಲ್ಲಿರುವ ಲಿಮೋನೆ ಗ್ರಾಮವು 1930ರ ದಶಕದಲ್ಲಿ ರಸ್ತೆ ತೆರೆಯುವವರೆಗೆ ಹೊರಜಗತ್ತಿನಿಂದ ಬಹುಮಟ್ಟಿಗೆ ದೂರವೇ ಉಳಿದಿತ್ತು. ಈ ಊರಿನ ಮೂಲದ ವ್ಯಕ್ತಿಯೊಬ್ಬರಲ್ಲಿ ಎಚ್‌ಡಿಎಲ್ ತೀರ ಕಡಿಮೆಯಿದ್ದರೂ ರಕ್ತನಾಳದ ರೋಗದ ಚಿಹ್ನೆಗಳಿಲ್ಲದಿರುವುದನ್ನು ಮಿಲಾನಿನ ಸಂಶೋಧಕರು ಗಮನಿಸಿ 1980ರಲ್ಲಿ ಪ್ರಕಟಿಸಿದರು. ಎ-1 ಪ್ರೋಟೀನಿನ 173ನೆಯ ಸ್ಥಾನದಲ್ಲಿ ಆರ್ಜಿನೈನ್ ಬದಲು ಸಿಸ್ಟೀನ್ ಇದ್ದುದೇ ಇಲ್ಲಿನ ವ್ಯತ್ಯಾಸ. ಚರ್ಚಿನ ದಾಖಲೆಗಳನ್ನು ಆಧರಿಸಿದ ವಂಶಾವಳಿಯು ಈ ಲಕ್ಷಣದ ಮೂಲವನ್ನು 18ನೆಯ ಶತಮಾನದ ಒಂದೇ ದಂಪತಿಗಳಿಗೆ ಕೊಂಡೊಯ್ಯಿತು. ಜಾನಪದ ಅಧ್ಯಯನಕ್ಕೆ ಪರಿಚಿತವಾದ ವಂಶಾವಳಿಯೆಂಬ ಆಕರವು ಹೀಗೆ ಜೀವವಿಜ್ಞಾನಕ್ಕೂ ಸಾಕ್ಷ್ಯವಾದುದು ಗಮನಾರ್ಹ.

ಈ ಪ್ರೋಟೀನನ್ನು ಔಷಧಿಯಾಗಿ ಬಳಸಿದ 2003ರ ಕಿರು ಪ್ರಯೋಗವು ಭರವಸೆ ಮೂಡಿಸಿತಾದರೂ 2016ರ ಪ್ರಯೋಗವು ಅದನ್ನು ಸಮರ್ಥಿಸಲಿಲ್ಲ. ಆದರೂ ಲಿಮೋನೆಯ ನಿದರ್ಶನ ಕಲಿಸಿದ ಪಾಠ ಉಳಿದಿದೆ: ನೆತ್ತರಿನಲ್ಲಿ ಸಾಗಣೆಯ ಕಣಗಳು ಎಷ್ಟಿವೆ ಎಂಬುದೊಂದರಿಂದಲೇ ಅವುಗಳ ಕಾರ್ಯವನ್ನು ಅಳೆಯಲಾಗದು.